ಪಳನಿಯಮ್ಮ ಮತ್ತೆ ಹೊರಗಾದದ್ದು

ಕೊಯಮತ್ತೂರು ಸೀಮೆಯ ನೆಗಮಂ ಹತ್ತಿರದ ಆ ಕನ್ನಡ ನೇಕಾರರ ಬೀದಿಯಲ್ಲಿ ಯಾವ ಹೆಂಗಸು ಯಾವಾಗ ಹೊರಗಾದಳು ಎಂಬುದು ಯಾರನ್ನೂ ಕೇಳದೆ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಬಿಸಿಲೇರುವ ಮೊದಲೇ ಬೀದಿಯುದ್ದಕ್ಕೂ ಪಾವು ಹಾಸುತ್ತಿದ್ದರು. ಮಗ್ಗಕ್ಕೇರಬೇಕಾದ ಉದ್ದನೆಯ ಎಳೆಗಳನ್ನು ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಸವರಿ, ಒಣಗುವುದರೊಳಗೆ ಬಾಚಿ ಮುಗಿಸಬೇಕು. ಒಂದು ಮನೆಯ ಪಾವಿಗೆ ಹತ್ತು ಮನೆಯ ಕೈ ಬೇಕು. ಇವತ್ತು ನನ್ನದಕ್ಕೆ ನೀನು ಬಾ, ನಾಳೆ ನಿನ್ನದಕ್ಕೆ ನಾನು ಬರುತ್ತೇನೆ ಎಂಬ ಲೆಕ್ಕ. ಆದರೆ ಹೊರಗಾದವಳು ಪಾವಿನ ಹತ್ತಿರ ಸುಳಿಯುವಂತಿಲ್ಲ. ಸುಳಿದರೆ ಎಳೆ ಹರಿಯುತ್ತದೆ, ಕುಲದೇವತೆ ಚೌಡಮ್ಮ ಮುನಿಯುತ್ತಾಳೆ. ಹಾಗಾಗಿ ಗಂಜಿ ಪಾತ್ರೆಯ ಸುತ್ತ ಯಾರ ಮುಖ ಕಾಣಲಿಲ್ಲವೋ ಅವಳ ಸಮಾಚಾರ ಬೀದಿಗೆಲ್ಲ ಸಿಕ್ಕಂತಾಯಿತು. ಒಂದು ವಾರ ತಡವಾದರೆ ಬಸಿರು ಎಂದು ಅವಳಿಗಿಂತ ಮೊದಲೇ ಎದುರುಮನೆಯವಳು ನಗುತ್ತಿದ್ದಳು. ಗುಟ್ಟು ಇಟ್ಟುಕೊಳ್ಳಲು ಅಷ್ಟು ಕೆಟ್ಟ ಬೀದಿ ಇನ್ನೊಂದಿರಲಾರದು.

ಅಂಥ ಬೀದಿಯಲ್ಲಿ, ಮುಟ್ಟು ನಿಂತು ವರ್ಷಗಳೇ ಕಳೆದಿದ್ದ ಪಳನಿಯಮ್ಮ ಸಂಕ್ರಾಂತಿ ಕಳೆದ ತೈ ತಿಂಗಳ ಒಂದು ಬೆಳಿಗ್ಗೆ ಪಾವಿಗೆ ಬರಲಿಲ್ಲ.

ಚೌಡಮ್ಮನ ಹಬ್ಬ ಮುಗಿದು ಇನ್ನೂ ವಾರವಾಗಿರಲಿಲ್ಲ. ಪಳನಿಯಮ್ಮ ಗಂಡ ಸತ್ತ ಮೇಲೆ ಮೈದುನ ಸೆಲ್ಲಪ್ಪನ್ ಮನೆಯಲ್ಲಿ, ಮಗ್ಗದ ಕೊಟ್ಟಡಿಯ ಹಿಂದಿನ ಚಾವಡಿಯಲ್ಲಿ, ನೂಲು ಸುತ್ತಿಕೊಂಡು ಎರಡು ಹೊತ್ತಿನ ಅನ್ನ ಗಳಿಸುತ್ತಿದ್ದವಳು. ಮಕ್ಕಳಿಲ್ಲ. ಮದುವೆ ಮನೆಗೆ ಕರೆಯುವವರಿಲ್ಲ, ಎದುರಿಗೆ ಬಂದರೆ ಒಂದು ಗಳಿಗೆ ನಿಂತು ಹೋಗುವವರೇ ಹೆಚ್ಚು. ಆದರೆ ಪಾವಿಗೆ ಮಾತ್ರ ಅವಳ ಕೈ ಬೇಕಿತ್ತು; ಹರಿದ ಎಳೆಯನ್ನು ಗಂಟು ಕಾಣದಂತೆ ಹೊಸೆಯಲು ಅವಳಷ್ಟು ಚುರುಕಿನವರು ಯಾರೂ ಇರಲಿಲ್ಲ. ಅವಳು ಕಾಣದೆ ಹೋದಾಗ ಚಿನ್ನತಾಯಿ ಗಂಜಿ ಕೈಯಲ್ಲೇ ಹೋಗಿ ಬಾಗಿಲು ಬಡಿದಳು. ಚಿನ್ನತಾಯಿ ಆ ಬೀದಿಯ ಹಿರಿಯ ಹೆಂಗಸು. ಯಾರು ಮಡಿ, ಯಾರು ಮೈಲಿಗೆ, ಯಾರು ಎಲ್ಲಿ ಕೂರಬೇಕು ಎಂದು ಹೇಳುವ ಅಧಿಕಾರವನ್ನು ಯಾರೂ ಕೊಡದೆ ತಾನೇ ತೆಗೆದುಕೊಂಡವಳು.

"ಏ ಪಳನಿ, ಪಾವು ಒಣಗ್ತಾ ಅದೆ. ಇನ್ನೂ ಮಲ್ಗಿದ್ದೀಯಾ?"

"ನಾ ಬರಾಂಗಿಲ್ಲ ಅಕ್ಕಾ," ಎಂದು ಬಾಗಿಲ ಹಿಂದಿನಿಂದ ದನಿ ಬಂತು. "ಹೊರಗಾಗೀನಿ."

ಜ್ವರ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವತ್ತಿನ ಪಾವು ಬಡವ ಅಂಗಪ್ಪನ್‌ದು. ಅದಕ್ಕೆ ಏನಾದರೂ ಆದರೆ ಎಂಬ ಹೆದರಿಕೆಯಲ್ಲಿ ಆ ಹೆಂಗಸು ನಿಜ ಹೇಳಿಬಿಟ್ಟಳು.

ಚಿನ್ನತಾಯಿ ಬಾಗಿಲಲ್ಲೇ ನಿಂತಳು. ಒಂದು ಸಲ ಗುಡಿಯ ಕಡೆ ನೋಡಿದಳು, ಒಂದು ಸಲ ಬಾಗಿಲನ್ನು ನೋಡಿದಳು. ಆಮೇಲೆ ಗಂಜಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲಿಗೆ ಹಣೆ ಹಚ್ಚಿದಳು. "ಹಬ್ಬ ಮುಗ್ದು ವಾರ ಆಗಿಲ್ಲ. ಒಣಗಿದ ಹೊಟ್ಟೇಲಿ ಮತ್ತೆ ಹೂ ಬಿಟ್ಟೈತೆ ಅಂದ್ರೆ ಇದು ಮನುಷ್ಯರ ಕೆಲ್ಸ ಅಲ್ಲ. ಚೌಡಮ್ಮ ಇವ್ಳ ಮೈಗೆ ಬಂದವ್ಳೆ!" ಎಂದು ಕೂಗಿದಳು. ಪಾವು ಬಿಟ್ಟು ಹೆಂಗಸರೆಲ್ಲ ಓಡಿ ಬಂದರು. ಅಂಗಪ್ಪನ್‌ನ ಎಳೆಗಳು ಬಿಸಿಲಿಗೆ ಒಣಗಿ ಕಡ್ಡಿಯಾದವು, ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅಲ್ಲಿಂದ ಪಳನಿಯಮ್ಮನ ಬದುಕು ಮಗುಚಿ ಬಿತ್ತು. ಹಿಂದಿನ ಚಾವಡಿಯಿಂದ ಸೆಲ್ಲಪ್ಪನ್ ತಾನೇ ಅವಳ ಚಾಪೆ ಎತ್ತಿ ತಂದು ಮುಂದಿನ ಕೋಣೆಯಲ್ಲಿ ಹಾಸಿದ. ಬಿಳಿ ಸೀರೆ ಹೋಗಿ ಅರಿಶಿನದ ಸೀರೆ ಬಂತು. ಹೆಸರು ಹೋಗಿ 'ಅಮ್ಮ' ಬಂತು. ಬೇರೆಯವರು ಹೊರಗಾದರೆ ದೂರ, ಅಮ್ಮ ಹೊರಗಾದರೆ ಹತ್ತಿರ! ಆ ದಿನಗಳಲ್ಲೇ ಮಕ್ಕಳಿಲ್ಲದ ಹೆಂಗಸರು ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ಮಗ್ಗದಿಂದ ಸೀರೆ ಕೊಯ್ದ ಮೇಲೆ ತುದಿಯಲ್ಲಿ ಉಳಿಯುವ ಪಾವಿನ ಎಳೆಯನ್ನು ಅರಿಶಿನದಲ್ಲಿ ಅದ್ದಿ ಅವಳು ಮಣಿಕಟ್ಟಿಗೆ ಕಟ್ಟಿದರೆ ಗರ್ಭ ನಿಲ್ಲುತ್ತದೆ ಎಂದಾಯಿತು. ತುಡಿಯಲೂರಿನ ಒಬ್ಬಳಿಗೆ ಗಂಡು ಮಗುವೇ ಆಯಿತಂತೆ. ಆ ತುಡಿಯಲೂರಿನ ಹೆಂಗಸನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಅಂಥ ಒಂದು ಹಳದಿ ನೂಲು ರಾಜಾಮಣಿಯ ಕೈಯಲ್ಲೂ ಇತ್ತು.

ರಾಜಾಮಣಿ ಚಿನ್ನತಾಯಿಯ ಸೊಸೆ. ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಗಂಡ ಜಯರಾಮನ್ ಒಳ್ಳೆಯವನೇ, ಆದರೆ ತಾಯಿಯ ಎದುರು ಅವನ ಬಾಯಿ ಮಗ್ಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಹತ್ತನೇ ತರಗತಿವರೆಗೆ ಓದಿದ್ದರಿಂದ ಅವಳಿಗೆ ಕೊಯಮತ್ತೂರಿನ ಒಂದು ಧರ್ಮಾಸ್ಪತ್ರೆಯವರು ಹಳ್ಳಿಯ ಆರೋಗ್ಯದ ಕೆಲಸ ಕೊಟ್ಟಿದ್ದರು. ಹೆಗಲಿಗೆ ಚೀಲ, ಚೀಲದಲ್ಲಿ ಕಬ್ಬಿಣದ ಮಾತ್ರೆ, ಮನೆಮನೆಗೆ ಹೋಗಿ ಬಸುರಿಯರ ಕಾಲು ಒತ್ತಿ ನೋಡುವುದು, ಮಕ್ಕಳಿಗೆ ಚುಚ್ಚುಮದ್ದಿನ ದಿನ ನೆನಪಿಸುವುದು. ತನಗೆ ಮಗುವಿಲ್ಲದವಳು ಬೇರೆಯವರ ಮಕ್ಕಳ ಲೆಕ್ಕ ಇಡುತ್ತಾಳೆ ಎಂದು ಬೀದಿ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಅತ್ತೆ ಎಳೆದುಕೊಂಡು ಹೋಗಿ ಅಮ್ಮನಿಂದ ನೂಲು ಕಟ್ಟಿಸಿದಾಗ ಅವಳು ಒಳಗೊಳಗೇ ನಕ್ಕಿದ್ದಳು. ಆದರೂ ಸ್ನಾನ ಮಾಡುವಾಗ ಅದು ನೆನೆದು ಹರಿಯದಿರಲಿ ಎಂದು ಕೈಯನ್ನು ಮೇಲೆತ್ತಿ ಹಿಡಿಯುತ್ತಿದ್ದಳು. ಓದಿದವಳ ನಂಬಿಕೆ ಹಾಗೆಯೇ, ಬಾಯಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ.

ದೀಪಾವಳಿಯ ಐಪ್ಪಸಿ ತಿಂಗಳಲ್ಲಿ ಕೊಯಮತ್ತೂರಿನ ಪೀಳಮೇಡಿನ ಕಡೆ ಆಸ್ಪತ್ರೆಯವರ ತರಬೇತಿ ಇತ್ತು. ಪಂಕಜಂ ಡಾಕ್ಟರಮ್ಮ ಗೋಡೆಗೆ ಗರ್ಭಕೋಶದ ಚಿತ್ರ ಅಂಟಿಸಿ, ತಮಿಳಿನಲ್ಲಿ ನಿಧಾನವಾಗಿ, ಗರ್ಭದ ಬಾಯಿಗೆ ಬರುವ ಪುತ್ತುನೋಯಿಯ ಬಗ್ಗೆ, ಅಂದರೆ ಕ್ಯಾನ್ಸರ್ ಬಗ್ಗೆ ಹೇಳಿದರು. ಬೇಗ ಕಂಡುಹಿಡಿದರೆ ಬದುಕಿಸಬಹುದು. ಒಂದು ಚಿಕ್ಕ ಕಡ್ಡಿಯಿಂದ ಸವರಿ ಗಾಜಿನ ಮೇಲೆ ಬಳಿದು ನೋಡಿದರೆ ಸಾಕು. ಮುಂದಿನ ತಿಂಗಳು ನಿಮ್ಮ ನಿಮ್ಮ ಊರಲ್ಲಿ ಶಿಬಿರ, ಹೆಂಗಸರನ್ನು ಕರೆತರುವುದು ನಿಮ್ಮ ಕೆಲಸ. ಆಮೇಲೆ ಡಾಕ್ಟರಮ್ಮ ಕೋಲಿನಿಂದ ಚಿತ್ರವನ್ನು ತಟ್ಟಿ ಇನ್ನೊಂದು ಮಾತು ಹೇಳಿದರು: ಮುಟ್ಟು ನಿಂತ ಮೇಲೆ ಯಾರಿಗಾದರೂ ಮತ್ತೆ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ, ಅವರ ಕೈ ಹಿಡಿದು ಕರೆತನ್ನಿ.

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ರಾಜಾಮಣಿಗೆ ಪಳನಿಯಮ್ಮ ನೆನಪಾದಳು. ಹಳದಿ ನೂಲನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಳು.

ಬಸ್ಸಿನಲ್ಲಿ ಊರಿಗೆ ಬರುವಾಗ ಅವಳಿಗೆ ಎರಡು ಹೆದರಿಕೆ. ಹೇಳದಿದ್ದರೆ ಪಳನಿಯಮ್ಮ ಸಾಯುತ್ತಾಳೆ. ಹೇಳಿದರೆ? ದೇವರ ಮೈಮೇಲೆ ರೋಗ ಹೊರಿಸಿದವಳು ಎಂದು ಬೀದಿ ಅವಳನ್ನು ಬಿಡುತ್ತದೆಯೇ? ಅತ್ತೆ ಮನೆಯಲ್ಲಿ ಇರಗೊಡುತ್ತಾಳೆಯೇ? ಇದರ ಅಡಿಯಲ್ಲಿ ಮೂರನೆಯದೊಂದು ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲೂ ನಾಚುತ್ತಿದ್ದಳು. ಆ ರಕ್ತ ದೇವರದ್ದಲ್ಲ ಎಂದಾದರೆ ತನ್ನ ಕೈಯಲ್ಲಿರುವುದು ಬರೀ ನೂಲು.

ಮೊದಲು ಬೀದಿಯ ಬೇರೆ ಹೆಂಗಸರನ್ನು ಶಿಬಿರಕ್ಕೆ ಕರೆದು ನೋಡಿದಳು. ಯಾರೂ ಸೊಪ್ಪು ಹಾಕಲಿಲ್ಲ. "ಅಲ್ಲಿಗೆ ಹೋದ್ರೆ ಗರ್ಭಚೀಲ ತೆಗ್ದು ಕಳಿಸ್ತಾರಂತೆ," ಎಂದಳೊಬ್ಬಳು. "ಹತ್ತು ವರ್ಸದ ಹಿಂದೆ ಹಿಂಗೇ ವ್ಯಾನು ತಂದು ಗಂಡಸ್ರನ್ನೆಲ್ಲ ಮಕ್ಳಾಗ್ದಂಗೆ ಆಪರೇಸನ್ ಮಾಡಿ ಬಿಟ್ರಲ್ಲ, ಮರ್ತ್ಯಾ?" ಎಂದಳು ಇನ್ನೊಬ್ಬಳು. ಕುಪ್ಪುಸಾಮಿಯ ಹೆಂಡತಿ ಸಾಂತಿ, ಮದುವೆಯಾಗಿ ಮೂರು ವರ್ಷ, ಇನ್ನೂ ಮಕ್ಕಳಿಲ್ಲ, ಎರಡೂ ಕೈಯಲ್ಲಿ ಹಳದಿ ನೂಲು, ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡಳು. ಹೆಂಗಸರು ಹೆದರಿದ್ದು ರೋಗಕ್ಕಲ್ಲ, ಪರೀಕ್ಷೆಗೆ. ಪರೀಕ್ಷೆ ಮಾಡಿಸದಿದ್ದರೆ ರೋಗ ಇಲ್ಲ ಎಂದೇ ಲೆಕ್ಕವಲ್ಲವೇ!

ಕೊನೆಗೆ ಒಂದು ಮಧ್ಯಾಹ್ನ ರಾಜಾಮಣಿ ಧೈರ್ಯ ಮಾಡಿ ಸೆಲ್ಲಪ್ಪನ್ ಮನೆಗೆ ಹೋದಳು. ಒಳಗೆ ಮಗ್ಗ ಟಕಟಕ ಎನ್ನುತ್ತಿತ್ತು. ಮುಂದಿನ ಕೋಣೆಯ ಬಾಗಿಲು ತೆರೆದರೆ ಸಾಂಬ್ರಾಣಿ ಹೊಗೆ ಮುಖಕ್ಕೆ ಬಡಿಯಿತು. ಮುಂಚೆ ಶುಕ್ರವಾರ ಮಾತ್ರ ಹಾಕುತ್ತಿದ್ದ ಹೊಗೆ ಈಗ ದಿನವಿಡೀ. ಅಮ್ಮನಿಗೆ ಸಾಂಬ್ರಾಣಿ ಅಂದರೆ ಅಷ್ಟು ಪ್ರೀತಿ ಎಂದು ಜನ ಕೈಚೀಲ ತುಂಬ ತಂದು ಕೊಡುತ್ತಿದ್ದರು. ರಾಜಾಮಣಿ ಎರಡು ಹೆಜ್ಜೆ ಒಳಗಿಟ್ಟಳು. ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹೆರಿಗೆ ಕೆಟ್ಟ ಮನೆಗಳಲ್ಲಿ ಅವಳು ಅಂಥದ್ದನ್ನು ಮೂಸಿದ್ದಳು.

ಪಳನಿಯಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಅರಿಶಿನದ ಸೀರೆಯೊಳಗೆ ಅವಳ ಮೈ ಅರ್ಧವಾಗಿತ್ತು. ಹತ್ತಿರದಿಂದ ನೋಡಿದರೆ ತುಟಿಯಲ್ಲಿ ರಕ್ತದ ಬಣ್ಣವೇ ಇಲ್ಲ.

"ಬಾ ಕಣ್ಣು. ನೂಲು ಹರೀತಾ?"

"ಇಲ್ಲ ಅಮ್ಮಾ." ರಾಜಾಮಣಿ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ ಇದ್ದದ್ದನ್ನೇ ಹೇಳಿದಳು. "ಪೆರಿಯಮ್ಮಾ, ನೀವು ಕೋಪ ಮಾಡ್ಕೋಬಾರ್ದು. ನಿಂತ್ಮೇಲೆ ರಕ್ತ ಬಂದ್ರೆ ಅದು ನೋಯಿ ಇರಬೌದಂತೆ. ಆಸ್ಪತ್ರಿಗೆ ಬನ್ನಿ. ನಾ ಜೊತೇಲಿರ್ತೀನಿ."

ಅವಳು ಅಮ್ಮ ಅನ್ನುವುದನ್ನು ಬಿಟ್ಟು ಹಳೆಯ ಹಾಗೆ ಪೆರಿಯಮ್ಮ, ದೊಡ್ಡಮ್ಮ, ಎಂದದ್ದು ಇಬ್ಬರಿಗೂ ಕೇಳಿಸಿತು. ಒಳಗಿನ ಮಗ್ಗದ ಸದ್ದು ಒಂದು ಗಳಿಗೆ ನಿಂತಿತು. ರಾಜಾಮಣಿ ಬಾಗಿಲ ಕಡೆ ನೋಡಿದಳು. ಸೆಲ್ಲಪ್ಪನ್ ಲಾಳಿ ಬದಲಾಯಿಸಿಕೊಂಡನೇನೋ, ಸದ್ದು ಮತ್ತೆ ಶುರುವಾಯಿತು.

"ಮೆಲ್ಲಕೆ," ಎಂದಳು ಪಳನಿಯಮ್ಮ. "ನಂಗೊತ್ತು."

"ಏನ್ ಗೊತ್ತು?"

"ಚೌಡಮ್ಮ ಅಲ್ಲ ಅಂತ. ಮೊದಮೊದ್ಲು ನಾನೂ ನಂಬಿದ್ದೆ ಕಣ್ಣು. ಯಾಕ ನಂಬಬಾರ್ದು? ಎಲ್ರೂ ನಂಬಿದ್ರು. ಪುರಟಾಸಿಲಿ, ನವರಾತ್ರಿ ಹೊತ್ಗೆ, ವಾಸ್ನೆ ಬಂತು. ಈಗ ದಿನಾಲೂ ಅದೆ. ತಿಂಗ್ಳಿಗೆ ಮೂರು ದಿನ ಅಂತ ಜನಕ್ಕೆ ಹೇಳಾದು, ಮಿಕ್ಕ ದಿನ ಬಟ್ಟೆ ನಾನೇ ಒಗ್ದು ಹಿತ್ಲಲ್ಲಿ ಒಣಗ್ಸಾದು. ದೇವ್ರಿಗೆ ಹಿಂಗ ನಾತ ಬರಾಂಗಿಲ್ಲ, ಅಷ್ಟು ಗೊತ್ತಾಗಲ್ವಾ ನಂಗೆ?"

"ಗೊತ್ತಿದ್ದೂ ಸುಮ್ನಿದ್ರಾ?" ರಾಜಾಮಣಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು.

ಪಳನಿಯಮ್ಮ ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ಮೂಲೆಯಲ್ಲಿ ಬಾಳೆಹಣ್ಣಿನ ಗೊನೆ, ತಟ್ಟೆ ತುಂಬ ಮಲ್ಲಿಗೆ. "ನಮ್ಮೋರು ಸತ್ತ ದಿನದಿಂದ ನಾ ಆ ಚಾವ್ಡಿ ಬಿಟ್ಟು ಮುಂದ್ಗಡೆ ಕೂತೋಳಲ್ಲ. ಊಟ ಆಯ್ತಾ ಅಂತ ಕೇಳ್ದೋರಿಲ್ಲ. ಈಗ ಹಬ್ಬದಲ್ಲಿ ಮೊದ್ಲು ನನ್ನೇ ಕೂರುಸ್ತಾರೆ. ನೀ ಹೋಗಿ ನೋಯಿ ಅಂದ್ರೆ ನಾಳೆ ಎಲ್ಲಿ ಕೂರಾದು? ಚಾವ್ಡಿಲಿ ಕೂಡ ಸೇರ್ಸಾಂಗಿಲ್ಲ. ನಾತ ಬರೋ ಮುಂಡೇನ ಯಾರು ಒಳಗಿಟ್ಕೊತಾರೆ?"

"ಸತ್ತೋಯ್ತೀರಿ ಪೆರಿಯಮ್ಮಾ."

"ಹ್ಞೂಂ. ಅಮ್ಮ ಆಗಿ ಸಾಯ್ತೀನಿ." ಇಷ್ಟು ಹೇಳಿ ಅವಳು ಸೊಸೆಯ ವಯಸ್ಸಿನ ಆ ಹುಡುಗಿಯ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ. "ಚಿನ್ನತಾಯಕ್ಕನಿಗೆ ಹೇಳ್ಬ್ಯಾಡ. ಮೊದ್ಲು ಕಾಲಿಗೆ ಬಿದ್ದೋಳು ಅವ್ಳೇ."

ಮನೆಯಲ್ಲಿ ಅತ್ತೆ ಕಣ್ಣು ಕಿರಿದು ಮಾಡಿ, "ಇಷ್ಟೊತ್ತು ಅಮ್ಮನ ಹತ್ರ ಏನ್ ಮಾತಾಡ್ದೆ?" ಎಂದಳು. "ಮಗು ಕೇಳ್ದೆ ಅತ್ತೆ," ಎಂದು ರಾಜಾಮಣಿ ಸುಳ್ಳು ಹೇಳಿ ಒಲೆಯ ಮುಂದೆ ಕುಳಿತಳು. ಅನ್ನ ಸೀದುಹೋದದ್ದೂ ಅವಳಿಗೆ ತಿಳಿಯಲಿಲ್ಲ. ಅವತ್ತಿನಿಂದ ಸೆಲ್ಲಪ್ಪನ್ ಮನೆಯ ಕಡೆಯಿಂದ ಯಾರಾದರೂ ಓಡಿ ಬಂದರೆ ಸಾಕು, ಅವಳು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಪಳನಿಯಮ್ಮನ ಸಾವನ್ನು ತಾನೊಬ್ಬಳೇ ಮಡಿಲಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೇನೆ ಅನ್ನಿಸುತ್ತಿತ್ತು.

ಹೀಗಿರುವಾಗ ಶಿಬಿರದ ಹಿಂದಿನ ಶುಕ್ರವಾರ ಯಾರೂ ಎಣಿಸದ ಸಂಗತಿಯೊಂದು ನಡೆಯಿತು. ಅಮ್ಮನ ಮುಂದೆ ಹೆಂಗಸರೆಲ್ಲ ಸೇರಿದ್ದಾಗ ಅವಳು ಸಾಂತಿಯ ಕೈಗೆ ನೂಲು ಕಟ್ಟುತ್ತ, ತಲೆಯೆತ್ತದೆ, "ರಾಜಾಮಣಿ ಕರೀತಾಳಲ್ಲ ಆಸ್ಪತ್ರಿ ಕ್ಯಾಂಪು, ಎಲ್ರೂ ಹೋಗ್ಬೇಕು. ಒಬ್ರೂ ಬಿಡಾಂಗಿಲ್ಲ," ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ರಾಜಾಮಣಿ ಊರೆಲ್ಲ ಸುತ್ತಿ ಗಂಟಲು ಹರಿದುಕೊಂಡರೂ ಆಗದ್ದು ಒಂದು ಮಾತಿಗೆ ಆಯಿತು. ಗರ್ಭಚೀಲ ತೆಗೆಯುತ್ತಾರೆ ಎಂದಿದ್ದವಳೇ, "ಅಮ್ಮನ ವಾಕ್ಕು. ಹೋಗ್ದೆ ಇದ್ರೆ ಆಯ್ತದಾ?" ಎಂದು ಬೇರೆಯವರನ್ನು ಗದರಿಸಿದಳು.

ಯಾಕೆ ಹೇಳಿದಳು ಎಂದು ರಾಜಾಮಣಿ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ತನಗೆ ಬಂದದ್ದು ಏನೆಂದು ಬಲ್ಲವಳು ಅದು ಇನ್ನೊಬ್ಬಳಿಗೆ ಬರದಿರಲಿ ಎಂದು ಹೇಳಿದ್ದಳು. ಆದರೆ ಆ ಬೀದಿಯ ಭಕ್ತಿ ಎಂಥದ್ದೆಂದು ಪಳನಿಯಮ್ಮ ಮರೆತಿದ್ದಳು.

ಶಿಬಿರ ನೇಕಾರರ ಸೊಸೈಟಿಯ ನೂಲಿನ ಗೋದಾಮಿನಲ್ಲಿ. ನೂಲಿನ ಮೂಟೆಗಳನ್ನು ಒಂದು ಕಡೆ ಒಟ್ಟಿ, ಹಗ್ಗ ಕಟ್ಟಿ, ಸೀರೆ ಇಳಿಬಿಟ್ಟು ಮರೆ ಮಾಡಿದ್ದರು. ಮರೆಯ ಹಿಂದೆ ಕಬ್ಬಿಣದ ಮಂಚ, ಬಿಸಿನೀರು, ಟಾರ್ಚು, ಗಾಜಿನ ತುಂಡುಗಳ ಪೆಟ್ಟಿಗೆ. ಪಂಕಜಂ ಡಾಕ್ಟರಮ್ಮ ಒಬ್ಬ ನರ್ಸಿನ ಜೊತೆ ಬಂದಿದ್ದರು. ಬೆಳಿಗ್ಗೆಯೇ ಬೀದಿಯ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಅಮ್ಮನನ್ನು ನಡುವೆ ಇಟ್ಟುಕೊಂಡು ಬಂದರು. ದಾರಿಗೆ ಯಾರೋ ಬೇವಿನ ಸೊಪ್ಪು ಹಾಸಿದ್ದರು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಳಿತು ಒಳಗೆ ಹೋಗುವವರನ್ನು ಹರಸುವುದಷ್ಟೇ ತನ್ನ ಕೆಲಸ ಎಂದು ಪಳನಿಯಮ್ಮ ಅಂದುಕೊಂಡಿದ್ದಳು.

ಡಾಕ್ಟರಮ್ಮ ಮೊದಲು ಯಾರು ಎಂದು ಕೇಳಿದರು. ಯಾರೂ ಅಲ್ಲಾಡಲಿಲ್ಲ. ಆಗ ಚಿನ್ನತಾಯಿ ಮುಂದೆ ಬಂದಳು.

"ಅಮ್ಮ ಮುಟ್ಟದೆ ನಮ್ ಬೀದೀಲಿ ಪಾವಿಗೆ ಗಂಜಿ ಹಾಕಾಂಗಿಲ್ಲ. ಇಲ್ಲೂ ಅಮ್ಮ ಮೊದ್ಲು. ಅಮ್ಮ ಒಳಗೋಗಿ ಬಂದ್ರೆ ನಮಗ್ಯಾರಿಗೂ ಏನೂ ಆಗಲ್ಲ."

"ಅಮ್ಮ ಮೊದ್ಲು, ಅಮ್ಮ ಮೊದ್ಲು," ಎಂದು ಹಿಂದಿನಿಂದ ದನಿ ಎದ್ದಿತು.

ಪಳನಿಯಮ್ಮ ರಾಜಾಮಣಿಯ ಕಡೆ ನೋಡಿದಳು. ಆ ಕಣ್ಣುಗಳಲ್ಲಿ ಅಮ್ಮನೂ ಇರಲಿಲ್ಲ, ಪೆರಿಯಮ್ಮನೂ ಇರಲಿಲ್ಲ, ಕಟುಕನ ಬಾಗಿಲಲ್ಲಿ ನಿಂತ ಕುರಿಯ ದಿಗಿಲಿತ್ತು. ಒಲ್ಲೆ ಎಂದರೆ ಅಷ್ಟೂ ಹೆಂಗಸರು ಬಂದ ದಾರಿಯಲ್ಲೇ ತಿರುಗುತ್ತಾರೆ. ಇನ್ನು ಅವರು ಜನ್ಮದಲ್ಲಿ ಇತ್ತ ತಲೆ ಹಾಕುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಪಳನಿಯಮ್ಮ ಬೆಂಚನ್ನು ಹಿಡಿದು ಎದ್ದಳು. ಹೆಂಗಸರು ಭಕ್ತಿಯಿಂದ ದಾರಿ ಬಿಟ್ಟರು.

ಮರೆಯೊಳಗೆ ಪಳನಿಯಮ್ಮ ಮಂಚದ ಕಂಬಿ ಹಿಡಿದು ಹತ್ತಿದಳು. "ಪಯಪ್ಪಡಾದೀಂಗಮ್ಮಾ," ಹೆದರಬೇಡಿ ಎಂದು ಡಾಕ್ಟರಮ್ಮ ತಮಿಳಿನಲ್ಲಿ ನಗುತ್ತ ಹೇಳಿ ಕೈಗೆ ರಬ್ಬರಿನ ಗವಸು ಏರಿಸಿಕೊಂಡರು. ರಾಜಾಮಣಿ ಟಾರ್ಚು ಹಿಡಿದಳು. ಪಳನಿಯಮ್ಮ ಅವಳ ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡಳು. ಸೀರೆ ಸರಿಸಿದ ಕೂಡಲೇ ನರ್ಸು ಮುಖ ತಿರುಗಿಸಿ ಮೂಗಿಗೆ ಸೆರಗು ಹಿಡಿದಳು. ಡಾಕ್ಟರಮ್ಮನ ನಗು ನಿಂತಿತು. ಹತ್ತಿ ಕೆಂಪಾಯಿತು, ಇನ್ನೊಂದು ಹತ್ತಿಯೂ ಕೆಂಪಾಯಿತು. ರಾಜಾಮಣಿ ಟಾರ್ಚಿನ ಬೆಳಕು ಅಲುಗದಂತೆ ಹಲ್ಲು ಕಚ್ಚಿ ನಿಂತಿದ್ದಳು.

"ಗಾಜು ಬೇಕಾಗಿಲ್ಲ," ಎಂದು ನರ್ಸಿಗೆ ಹೇಳಿ, ಅವರು ಪಳನಿಯಮ್ಮನ ತಲೆಯ ಹತ್ತಿರ ಬಂದು ಬಗ್ಗಿದರು. ಮರೆ ಬರೀ ಸೀರೆ, ಆಚೆ ಹೆಂಗಸರಿದ್ದಾರೆ, ಹಾಗಾಗಿ ದನಿ ತಗ್ಗಿಸಿ ಹೇಳಿದರು. ಒಳಗೆ ಗಡ್ಡೆ ಇದೆ. ನಾಳೆಯೇ ಕೊಯಮತ್ತೂರಿಗೆ ಬರಬೇಕು. ಒಂದು ಚೂರು ತೆಗೆದು ನೋಡಿ, ಆಮೇಲೆ ಗಡ್ಡೆ ಸುಡಲು ಕರೆಂಟು ಕೊಡಬೇಕಾಗುತ್ತದೆ. ಒಂದೆರಡು ತಿಂಗಳು ಅಲ್ಲೇ ಇರಬೇಕು. ಬಟ್ಟೆ ಬದಲಾಯಿಸುವುದಕ್ಕೆ, ಊಟ ತಿನ್ನಿಸುವುದಕ್ಕೆ ಮನೆಯವರು ಯಾರಾದರೂ ಜೊತೆಗಿರಲೇಬೇಕು.

"ವಾಸಿ ಆಯ್ತದಾ?" ಎಂದು ಪಳನಿಯಮ್ಮ ಕನ್ನಡದಲ್ಲೇ ಕೇಳಿದಳು. ರಾಜಾಮಣಿ ಅದನ್ನು ತಮಿಳಿಗೆ ತಿರುಗಿಸಿದಳು.

ರಕ್ತ ಯಾವಾಗಿನಿಂದ ಎಂದು ಅವಳಿಂದಲೇ ಕೇಳಿ ತಿಳಿದ ಡಾಕ್ಟರಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಪ್ರಯತ್ನ ಮಾಡೋಣ. ತೈ ತಿಂಗಳಲ್ಲೇ ಬಂದಿದ್ದರೆ ಚೆನ್ನಾಗಿರುತ್ತಿತ್ತು," ಎಂದು ಪಳನಿಯಮ್ಮನ ಭುಜ ತಟ್ಟಿದರು.

ಸೀರೆ ಸರಿಮಾಡಿಕೊಳ್ಳುತ್ತ ಪಳನಿಯಮ್ಮ ರಾಜಾಮಣಿಯ ಕಿವಿಯಲ್ಲಿ, "ಹೊರ್ಗಡೆ ಬಾಯಿ ಬಿಡ್ಬ್ಯಾಡ. ಎಲ್ರೂ ಒಳಗೋಗಿ ಬರ್ಲಿ," ಎಂದಳು. ಮುಖವನ್ನು ಸೆರಗಿನಿಂದ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಮರೆ ಸರಿಸಿ ನಡೆದಳು. "ಏನೂ ನೋವಿಲ್ಲ. ಹೋಗಿ, ಹೋಗಿ," ಎಂದು ಹೇಳಿ ಬೆಂಚಿನ ಮೇಲೆ ಕುಳಿತಳು.

ಹೆಂಗಸರು ಒಬ್ಬೊಬ್ಬರಾಗಿ ಅವಳ ಕಾಲು ಮುಟ್ಟಿ ಒಳಗೆ ಹೋದರು. ಹೋಗುವಾಗ ಮುಖ ಬಿಳಿಚಿಕೊಂಡಿದ್ದವರು ಬರುವಾಗ ಇಷ್ಟೇನಾ ಎಂದು ನಗುತ್ತ ಬಂದರು. ಪ್ರತಿಯೊಬ್ಬರ ತಲೆ ಮೇಲೂ ಪಳನಿಯಮ್ಮನ ಕೈ ಏರಿ ಇಳಿಯುತ್ತಿತ್ತು. ಹೊತ್ತು ಹೋದಂತೆ ಆ ಕೈ ತಡವಾಗಿ ಏರತೊಡಗಿತು. ಮರೆಯ ಬದಿಯಲ್ಲಿ ನಿಂತು ಹೆಸರು ಕರೆಯುತ್ತಿದ್ದ ರಾಜಾಮಣಿಗೆ ಅವಳ ಕೊರಳ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಇನ್ನು ಸ್ವಲ್ಪ, ಇನ್ನು ನಾಲ್ಕೈದು ಜನ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಸಾಂತಿಯ ಸರದಿ ಬಂತು. ಅವಳು ಎಲ್ಲರಂತೆ ಕಾಲು ಮುಟ್ಟಿ ಎದ್ದುಹೋಗಲಿಲ್ಲ. ಎರಡೂ ಪಾದಗಳನ್ನು ತಬ್ಬಿ, ಹಣೆಯನ್ನು ಅವುಗಳ ಮೇಲಿಟ್ಟು, "ಅಮ್ಮಾ, ನೀನು ತಾಯಿ. ಒಂದೇ ಒಂದು ಮಗು ಕೊಟ್ಬಿಡು," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೀರು ಪಾದದ ಮೇಲೆ ಬಿತ್ತು.

ಪಳನಿಯಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಕಾಲು ಬಿಡು ಸಾಂತಿ," ಎಂದಳು. "ಕೈ ಹಿಡ್ಕೊ. ನಂಗೆ ಭಯ ಆಯ್ತಾ ಅದೆ."

ಸಾಂತಿಗೆ ಅರ್ಥವಾಗದೆ ತಲೆಯೆತ್ತಿದಳು.

"ನೋಯಿ ಕಣ್ಣು ನಂಗೆ. ಪುತ್ತುನೋಯಿ. ದೇವ್ರು ಗೀವ್ರು ಏನಿಲ್ಲ. ಮಗು ಎಲ್ಲಿಂದ ಕೊಡ್ಲಿ ನಾ? ನಾಳೆ ಕರೆಂಟು ಕೊಡ್ಸಕ್ಕೆ ಹೋಗ್ಬೇಕಂತೆ. ಸತ್ತೋಯ್ತೀನೇನೋ." ಇಷ್ಟು ತಿಂಗಳು ಹೊಗೆ ಹಾಕಿ ಮುಚ್ಚಿದ್ದು ಒಮ್ಮೆಗೇ ಹೊರಬಿದ್ದು ಅವಳು ಚಿಕ್ಕ ಹುಡುಗಿಯಂತೆ ಜೋರಾಗಿ ಅತ್ತುಬಿಟ್ಟಳು.

ಸಾಂತಿ ಎದ್ದು ಹಿಂದೆ ಸರಿದಳು. ಅವಳ ಹಿಂದಿದ್ದವರೂ ಸರಿದರು. ಯಾರೋ ಅವಸರದಲ್ಲಿ ಮಣಿಕಟ್ಟಿನ ನೂಲನ್ನು ಕೀಳತೊಡಗಿದರು. ಬೆಂಚಿನ ಸುತ್ತ ನೆಲ ಬರಿದಾಯಿತು. ರಾಜಾಮಣಿ ಇಷ್ಟು ದಿನ ಹೆದರಿದ್ದು ಇದಕ್ಕೇ. ಅವಳು ಓಡಿ ಬರಬೇಕೆನ್ನುವಷ್ಟರಲ್ಲಿ ಚಿನ್ನತಾಯಿ ಗುಂಪನ್ನು ಸೀಳಿಕೊಂಡು ಬಂದಳು. ಅತ್ತೆಯ ಮುಖ ನೋಡಿ ರಾಜಾಮಣಿಯ ಕಾಲು ಅಲ್ಲೇ ನಿಂತುಹೋಯಿತು.

"ಯಾವಾಗಿಂದ ಗೊತ್ತು ನಿಂಗೆ?" ಎಂದಳು ಚಿನ್ನತಾಯಿ.

"ಪುರಟಾಸಿಯಿಂದ ಅಕ್ಕಾ."

"ಪುರಟಾಸಿಯಿಂದ! ಎದುರು ಮನೇಲಿ ನಾ ಇಲ್ವಾ? ನಂಗ್ಯಾಕ ಹೇಳ್ಲಿಲ್ಲ ಪಾಪಿ?"

ಪಳನಿಯಮ್ಮ ಅಳುತ್ತಲೇ ಮುಖವೆತ್ತಿದಳು.

"ಕಾಲಿಗೆ ಬಿದ್ದೋರ ಹತ್ರ ಹೆಂಗ ಹೇಳಾದು ಅಕ್ಕಾ?"

ತಾನು ಹಣೆ ಹಚ್ಚಿದ ಆ ಹೊಸ್ತಿಲು, ತಾನು ಕೂಗಿದ ಆ ಕೂಗು, ಅಲ್ಲಿಂದೀಚೆ ಹೋದ ಒಂದೊಂದು ತಿಂಗಳೂ ಚಿನ್ನತಾಯಿಯ ಮುಖದ ಮೇಲೆ ಬಂದು ಹೋದದ್ದನ್ನು ಸೊಸೆ ನೋಡಿದಳು. ಆಮೇಲೆ ಚಿನ್ನತಾಯಿ ಬೆಂಚಿನ ಬಳಿ ಹೋಗಿ, "ಸರ್ಕೊ," ಎಂದಳು. ಮೈಲಿಗೆ ಎಂದು ಬೀದಿಗೆಲ್ಲ ಗೆರೆ ಎಳೆದಿದ್ದವಳು ಆ ಕಲೆಯಾದ ಸೀರೆಗೆ ತನ್ನ ಮಡಿ ಸೀರೆ ತಾಗುವಂತೆ ಒತ್ತಿ ಕುಳಿತಳು. ಪಳನಿಯಮ್ಮನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿದಳು.

"ಜೊತೆಗೆ ಯಾರ್ನಾದ್ರೂ ಕರ್ಕೊಂಡು ಬರಕ್ಕೆ ಹೇಳವ್ರೆ," ಎಂದಳು ಪಳನಿಯಮ್ಮ, ಯಾರ ಮುಖವನ್ನೂ ನೋಡದೆ.

"ನಾ ಬತ್ತೀನಿ."

"ಬಟ್ಟೆ ಒಗೀಬೇಕಂತೆ ಅಕ್ಕಾ. ನಾತ ಬತ್ತದೆ."

"ಗೊತ್ತಾಯ್ತದೆ, ಮೂಗಿಲ್ವಾ ನಂಗೆ? ನಂಗೂ ಭಯವೇ ಕಣೆ ಪಳನಿ, ಸುಮ್ಕೆ ಕೂತ್ಕೊ," ಎಂದು ಚಿನ್ನತಾಯಿ ಗದರಿದಳು. ಗದರುವ ದನಿ ಒಡೆದುಹೋಗಿತ್ತು. ಮರೆಯಾಚೆಯಿಂದ ಡಾಕ್ಟರಮ್ಮ ಮುಂದಿನವರು ಯಾರು ಎಂದು ಕೇಳುತ್ತಿದ್ದರು. ಗೋಡೆಗೆ ಅಂಟಿ ನಿಂತಿದ್ದ ಸಾಂತಿಯ ಕಡೆ ಚಿನ್ನತಾಯಿ ಕಣ್ಣು ಹಾಯಿಸಿ ಒಳಗೆ ಹೋಗು ಎಂದು ಗದ್ದ ಆಡಿಸಿದಳು. ಸಾಂತಿ ಅಳುತ್ತ ಬೆಂಚಿನ ಮುಂದೆ ಹಾದು ಹೋಗುವಾಗ, ಬಗ್ಗದೆ, ಪಳನಿಯಮ್ಮನ ಭುಜವನ್ನು ಒಂದು ಸಲ ಮುಟ್ಟಿ ಮರೆಯೊಳಗೆ ಹೋದಳು.